ಏಣಿ ಇನ್ನೊಂದು ಕಾಲಿಗಿತ್ತು

ಹಗ್ಗದಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿ ಇರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಟೆಲಿಫೋನ್ ಕಂಬ ಹತ್ತಲು ಸೇರಿದವನು, ಐವತ್ತೊಂದು ತುಂಬಿದರೂ ಹತ್ತುತ್ತಲೇ ಇದ್ದ. ಕಂಬಗಳು ಹೋದವು, ತಂತಿಗಳನ್ನು ಸುತ್ತಿ ಗುಜರಿಗೆ ಹಾಕಿದರು, ಮನೆಯ ಮೂಲೆಯಲ್ಲಿ ಕರಿಯ ಬೆಕ್ಕಿನ ಹಾಗೆ ಕೂತಿರುತ್ತಿದ್ದ ಫೋನುಗಳು ಅಟ್ಟ ಸೇರಿದವು. ಜೊತೆಯವರಲ್ಲಿ ಕೆಲವರು ಅಂಗಡಿ ಇಟ್ಟರು, ಕೆಲವರು ಕಾವಲುಗಾರರಾದರು. ಇವನು ಮಾತ್ರ ಕಂಬದಿಂದ ಮೊಬೈಲ್ ಗೋಪುರಕ್ಕೆ ದಾಟಿಕೊಂಡ. "ಆಗ ಇಪ್ಪತ್ತಡಿ, ಈಗ ನೂರೈವತ್ತಡಿ. ಎರಡರಿಂದ ಬಿದ್ರೂ ಕೆಳಕ್ಕೇ ತಾನೆ ಬೀಳೋದು," ಎನ್ನುತ್ತಿದ್ದ.

ಅವನ ಕೈ ಅಂಥದು. ಅವನು ಹಾಕಿದ ಗಂಟನ್ನು ಅವನೇ ಬಿಚ್ಚಬೇಕು. ಕೇಬಲ್ ಸೇರುವ ಕಡೆ ನೀರು ಇಳಿಯದ ಹಾಗೆ ಕರಿ ರಬ್ಬರ್ ಟೇಪ್ ಸುತ್ತುತ್ತಾರಲ್ಲ, ಅದನ್ನು ಅವನು ಸುತ್ತಿದರೆ ಎಲ್ಲಿ ಶುರು ಎಲ್ಲಿ ಕೊನೆ ಎಂದು ಬೆರಳಿಗೆ ಸಿಗುತ್ತಿರಲಿಲ್ಲ. ಅದರ ಫೋಟೊ ತೆಗೆದು ಹೊಸಬರಿಗೆ ತೋರಿಸುತ್ತಿದ್ದರು. ಹೊಗಳಿಕೆ ಒಳ್ಳೆಯದೇ. ಆದರೆ ಮೂವತ್ತು ವರ್ಷ ಹೊಗಳಿಸಿಕೊಂಡವನಿಗೆ ತನ್ನ ಕೆಲಸವನ್ನು ತಾನೇ ಇನ್ನೊಂದು ಸಲ ನೋಡುವ ಅಭ್ಯಾಸ ತಪ್ಪಿಹೋಗುತ್ತದೆ.

ಗೋಪುರದ ಸಂಗತಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಅವನ ತಪ್ಪು ಏನೆಂದು ತಿಳಿಯುವುದಿಲ್ಲ. ದೂರದಿಂದ ನೋಡಿದರೆ ಅದು ಬರೀ ಕಬ್ಬಿಣ. ನಿಜದಲ್ಲಿ ಅದು ಮೂರು ಕಿಟಕಿಯ ಮನೆ. ಮೂರು ಕಾಲಿನ ತುದಿಗೆ ಮೂರು ಆಂಟೆನಾ, ಉದ್ದನೆಯ ಹಲಗೆಗಳ ಹಾಗೆ. ಒಂದೊಂದೂ ಊರಿನ ಒಂದೊಂದು ಪಾಲನ್ನು ನೋಡಿಕೊಂಡಿರುತ್ತದೆ. ಫೋನ್ ಹಿಡಿದವರ ಮಾತು ಗಾಳಿಯಲ್ಲಿ ಬಂದು ಆ ಕಿಟಕಿಯೊಳಗೆ ಬೀಳುತ್ತದೆ. ಅಲ್ಲಿಂದ ಕೇಬಲ್ ಹಿಡಿದು ಕೆಳಗಿನ ಪೆಟ್ಟಿಗೆಗೆ ಇಳಿಯುತ್ತದೆ, ಪೆಟ್ಟಿಗೆಯಿಂದ ನೆಲದೊಳಗಿನ ತಂತಿಯಲ್ಲಿ ಲೋಕಕ್ಕೆಲ್ಲ ಹೋಗುತ್ತದೆ. ಮಾತಾಡುತ್ತಾ ನಡೆಯುವವರು ಈ ಗೋಪುರದ ಎಲ್ಲೆ ದಾಟಿದರೆ ಮುಂದಿನ ಗೋಪುರ ಅವರನ್ನು ಎತ್ತಿಕೊಳ್ಳಬೇಕು. ಹಸುಗೂಸನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವುದಿಲ್ಲವೆ, ಹಾಗೆ. ಆ ಕೈ ಹಿಡಿಯುವ ತನಕ ಈ ಕೈ ಬಿಡಬಾರದು. ಯಾರ ಕೈಗೆ ಕೊಡಬೇಕು ಎಂದು ಪ್ರತಿ ಕಿಟಕಿಗೂ ಅಕ್ಕಪಕ್ಕದ ಗೋಪುರಗಳ ಪಟ್ಟಿಯೊಂದನ್ನು ಪೆಟ್ಟಿಗೆಯೊಳಗೆ ಬರೆದಿಟ್ಟಿರುತ್ತಾರೆ. ಉತ್ತರದ ಕಿಟಕಿಗೆ ಉತ್ತರದ ನೆರೆಹೊರೆ, ಉಳಿದವಕ್ಕೆ ಅವುಗಳದು.

ಕೇಬಲ್‌ಗಳು ಅದಲುಬದಲಾದರೆ ನಿಂತಲ್ಲಿ ನಿಂತು ಮಾತಾಡುವವರಿಗೆ ಏನೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿಯೇ ಇರುತ್ತವೆ. ನಡೆಯುವವರ ಗತಿ ಬೇರೆ. ಅವರು ಉತ್ತರಕ್ಕೆ ಹೋಗುತ್ತಿದ್ದರೆ ಪೆಟ್ಟಿಗೆ ಇನ್ನೊಂದು ದಿಕ್ಕಿನ ಪಟ್ಟಿ ಹಿಡಿದು ಹುಡುಕುತ್ತದೆ. ಕೂಸನ್ನು ಚಾಚಿದ ಕಡೆ ಕೈಗಳೇ ಇರುವುದಿಲ್ಲ. ಮಾತು ಅಲ್ಲಿಗೆ ಕಟ್.

ಅದಕ್ಕೇ ಕೇಬಲ್‌ಗಳಿಗೆ ಬಣ್ಣದ ಟೇಪಿನ ಬಳೆ ತೊಡಿಸುತ್ತಾರೆ. ಒಂದು ಬಳೆಯದು ಉತ್ತರದ ಆಂಟೆನಾಕ್ಕೆ, ಎರಡು ಬಳೆ, ಮೂರು ಬಳೆಯವು ಬಲಕ್ಕೆ ಸುತ್ತಿಕೊಂಡು ಉಳಿದವಕ್ಕೆ. ದಿಕ್ಕು ನೋಡಲು ಒಬ್ಬ ದಿಕ್ಸೂಚಿ ಹಿಡಿದು ದೂರ ನಿಲ್ಲಬೇಕು, ಹತ್ತಿರ ನಿಂತರೆ ಗೋಪುರದ ಕಬ್ಬಿಣ ಮುಳ್ಳನ್ನು ತನ್ನ ಕಡೆಗೆ ಎಳೆದುಬಿಡುತ್ತದೆ. ಅವನು ಕೆಳಗಿನಿಂದ ದಿಕ್ಕು ಕೂಗಬೇಕು, ಮೇಲಿನವನು ಬಳೆ ಎಣಿಸಿ ಕೂಗಬೇಕು. ಹಗ್ಗದಣ್ಣ ಇದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವನು ಕಟ್ಟಿದ ಗೋಪುರಗಳಲ್ಲೆಲ್ಲ ಏಣಿ ಉತ್ತರದ ಕಾಲಿಗೇ ಇರುತ್ತಿತ್ತು. ಹತ್ತಿ ತಲೆ ಎತ್ತಿದರೆ ಎದುರಿಗೆ ಸಿಗುವುದೇ ಒಂದನೆಯದು. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ.

ನೀರಿನ ಟ್ಯಾಂಕಿನ ಪಕ್ಕ, ರಸ್ತೆ ತಿರುಗುವಲ್ಲಿ ಗೋಪುರ ಎದ್ದದ್ದು ಎಂಟು ತಿಂಗಳ ಹಿಂದೆ. ಅಲ್ಲಿ ಉತ್ತರದ ಕಾಲಿಗೆ ಟ್ಯಾಂಕಿನ ಗೋಡೆ ಅಡ್ಡ ಇತ್ತು. ಅದಕ್ಕೇ ಏಣಿಯನ್ನು ಪಕ್ಕದ ಕಾಲಿಗೆ ಜೋಡಿಸಿದ್ದರು. ಹಗ್ಗದಣ್ಣ ದಿಕ್ಸೂಚಿಯವನನ್ನು ಚಹಾ ತರಲು ಕಳಿಸಿ, ಎಂದಿನಂತೆ ಹತ್ತಿ, ಎದುರಿಗೆ ಸಿಕ್ಕಿದ್ದಕ್ಕೆ ಒಂದು ಬಳೆಯದನ್ನು ಹಾಕಿ, ಉಳಿದೆರಡನ್ನೂ ಅದೇ ಸಾಲಿನಲ್ಲಿ ಜೋಡಿಸಿ, ಊಟಕ್ಕೆ ಮೊದಲೇ ಇಳಿದು ಬಂದ. ಸೂಪರ್‌ವೈಸರು ಸಹಿ ಹಾಕಿದ, ಇವನೂ ಹಾಕಿದ.

ಅವನನ್ನು ಸಾಕಿದ್ದು ಅಕ್ಕ. ಮನೆಯಲ್ಲಿ ಇದ್ದದ್ದೂ ಅವರಿಬ್ಬರೇ. ಅಕ್ಕನಿಗೆ ಎರಡು ಬೀದಿಯಾಚೆ ಹೊಲಿಗೆ ಅಂಗಡಿ ಇತ್ತು. ಅವಳ ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಸಂಜೆ ಆರಕ್ಕೆ ಅಕ್ಕ ಅಂಗಡಿಗೆ ಬೀಗ ಹಾಕಿ ಮನೆಗೆ ನಡೆಯುವ ಹೊತ್ತಿಗೆ ಸರಿಯಾಗಿ ಮಗಳಿಗೆ ಬಿಡುವು, ಆಗಲೇ ಅವಳ ಫೋನು. ಗೋಪುರ ಎದ್ದ ವಾರದಿಂದ ಆ ಮಾತು ಟ್ಯಾಂಕಿನ ತಿರುವು ದಾಟುತ್ತಿದ್ದಂತೆ ನಿಲ್ಲತೊಡಗಿತು.

"ತಮ್ಮಾ, ಆ ಟ್ಯಾಂಕ್ ದಾಟಿದ್ರೆ ಸಾಕು, ಯಾರೋ ಕತ್ತರಿ ಹಾಕಿದ ಹಾಗೆ ಕಟ್ ಆಗತ್ತೆ ಕಣೋ. ನಿನ್ನ ಗೋಪುರಕ್ಕೆ ಏನೋ ಆಗಿದೆ."

"ಗೋಪುರಕ್ಕೆ ಏನೂ ಆಗಿಲ್ಲ ಅಕ್ಕಾ. ನಾನೇ ಅಲ್ಲಿ ನಿಂತು ನೋಡಿದ್ದೀನಿ, ಕಡ್ಡಿಯೆಲ್ಲ ತುಂಬಿದೆ. ನಿನ್ನ ಕೆನ್ನೆ ತಾಗಿ ಕಟ್ ಆಗ್ತಿದೆ."

"ನನ್ನ ಕೆನ್ನೆ ದಿನಾ ಟ್ಯಾಂಕ್ ಹತ್ರಾನೇ ಉಬ್ಬತ್ತಾ?"

ಅವನು ನಕ್ಕುಬಿಟ್ಟ. ನಕ್ಕು ಸುಮ್ಮನಾಗಿದ್ದರೆ ಆಗಿತ್ತು. ಕರೆ ಕಟ್ ಆಗುತ್ತಿಲ್ಲ, ನಿನಗೇ ಕೇಳಿಸುತ್ತಿಲ್ಲ ಎಂದು ಹೇಳಿ ಅಕ್ಕನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಮುಚ್ಚಳ ಹಾಕಿ, ಸಣ್ಣ ಸದ್ದು ದೊಡ್ಡ ಸದ್ದು ಎಲ್ಲ ಕೇಳಿಸಿ, "ಅಮ್ಮಾ, ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ," ಎಂದರು. ಅದನ್ನೂ ಅವನು ಬಂದ ನೆಂಟರ ಮುಂದೆ ಕಥೆ ಮಾಡಿ ಹೇಳಿದ. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಆದರೆ ಅತ್ತ ಮಗಳು, ನನ್ನ ಮಾತು ಸೇರದೆ ಅಮ್ಮ ಫೋನ್ ಕುಕ್ಕುತ್ತಾಳೆ ಎಂದುಕೊಂಡು ಕರೆ ಮಾಡುವುದನ್ನು ವಾರಕ್ಕೊಂದಕ್ಕೆ ಇಳಿಸಿದಳು. ಅಕ್ಕ ಸಂಜೆ ಫೋನನ್ನು ಚೀಲಕ್ಕೆ ಹಾಕಿ ನಡೆಯತೊಡಗಿದಳು.

ಕಚೇರಿಯಲ್ಲಿ ಸರ್ವೇ ಹುಡುಗಿ ಎಂದು ಒಬ್ಬಳಿದ್ದಳು. ಎರಡು ವರ್ಷ ಸ್ಟೋರಿನಲ್ಲಿ ಬೋಲ್ಟು, ಕ್ಲಾಂಪು ಎಣಿಸಿಕೊಂಡಿದ್ದವಳು. ತಾನೇ ಓದಿಕೊಂಡು, ಕೇಳಿಕೊಂಡು, ಮೂರು ತಿಂಗಳ ಪರೀಕ್ಷೆಗೆಂದು ಸರ್ವೇ ಕಾರು ಗಿಟ್ಟಿಸಿದ್ದಳು. ಕಾರಿನ ಮುಂದೆ ನಾಲ್ಕು ಫೋನು ಸಾಲಾಗಿ ಕೂತು ತಮ್ಮಷ್ಟಕ್ಕೆ ಕರೆ ಮಾಡುತ್ತಿರುತ್ತವೆ. ಕಾರು ಓಡಿದ ದಾರಿ ಕಂಪ್ಯೂಟರಿನಲ್ಲಿ ಗೆರೆಯಾಗಿ ಮೂಡುತ್ತದೆ. ಕರೆ ಸರಿ ಇದ್ದರೆ ಹಸಿರು, ಕಡಿದ ಕಡೆ ಕೆಂಪು ಚುಕ್ಕೆ. ತಿರುವಿನ ಗೋಪುರವನ್ನು ಸುತ್ತಿ ಬಂದು ಅವಳು ಬರೆದಳು: ಮೂರು ಆಂಟೆನಾಗಳ ಮುಖವೂ ಒಂದೊಂದು ಜಾಗ ಪಕ್ಕಕ್ಕೆ ಸರಿದಿದೆ. ಯಾರೂ ನಂಬಲಿಲ್ಲ. ಮತ್ತೆ ಸುತ್ತಿ ಮತ್ತೆ ಅದನ್ನೇ ಬರೆದಳು.

"ಹಗ್ಗದಣ್ಣ ಕಟ್ಟಿದ್ದು ಅದು," ಎಂದ ಸೂಪರ್‌ವೈಸರು. "ಅವರೇ ಹತ್ತಿ ನೋಡ್ತಾರೆ. ನಿನ್ನ ಮಾತು ಸುಳ್ಳಾದ್ರೆ ಕಾರು ಬಿಟ್ಟು ಸ್ಟೋರಿಗೆ ನಡಿ."

ಅಂಗಳದಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಹಗ್ಗದಣ್ಣ, "ಗೋಪುರ ಸುತ್ತೀ ಸುತ್ತೀ ಅವಳಿಗೇ ತಲೆ ತಿರುಗಿದೆ. ಗಿರಗಿಟ್ಲೆ," ಎಂದ. ಜೀಪಿನ ಡ್ರೈವರು ಕುಡಿಯುತ್ತಿದ್ದ ಚಹಾ ಮೂಗಿಗೆ ಏರುವಷ್ಟು ನಕ್ಕ. ಅಂದಿನಿಂದ ಅವಳು ಗಿರಗಿಟ್ಲೆ. ಅವಳ ಕಿವಿಗೂ ಬೀಳುವ ಹಾಗೆಯೇ ಕರೆಯುತ್ತಿದ್ದರು.

ಹತ್ತುವ ದಿನ ಅವಳು ಗೋಪುರದ ಬುಡಕ್ಕೆ ಬಂದು ನಿಂತಿದ್ದಳು. "ಅಣ್ಣಾ, ದಿಕ್ಸೂಚಿ ತಂದಿದ್ದೀನಿ. ನಾನು ದೂರ ನಿಂತು ಕೂಗ್ಲಾ?"

"ಮುಳ್ಳು ನಿನಗೆ ಬೇಕು ತಾಯಿ, ನನಗೆ ಕೈ ಸಾಕು. ಹೋಗಿ ಕಾರಲ್ಲಿ ಕೂತ್ಕೋ, ಬಿಸಿಲಿದೆ."

ಹತ್ತಿದ. ಬೆಲ್ಟಿನ ಕೊಕ್ಕೆ ಹಾಕಿ ತಲೆ ಎತ್ತಿದ. ಒಂದನೆಯ ಆಂಟೆನಾದ ಎದೆಯ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಅವನು ಅದನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಉತ್ತರಕ್ಕೆ ಮುಖ ಮಾಡಿದ್ದರ ಎದೆಗೆ ಬೆಳಗಿನ ಬಿಸಿಲು ನೇರವಾಗಿ ಹೇಗೆ ಬಿದ್ದೀತು? ಕಾಲಡಿಯ ಏಣಿ ನೋಡಿದ, ಟ್ಯಾಂಕಿನ ಗೋಡೆ ನೋಡಿದ, ಮತ್ತೆ ಸೂರ್ಯನನ್ನು ನೋಡಿದ. ಕೇಬಲ್ ತಿರುಗಿಸಿ ಬಳೆ ಎಣಿಸಿದ. ಒಂದು. ಮೂರನ್ನೂ ಎಣಿಸಿದ. ಮೂರೂ ಒಂದೊಂದು ಜಾಗ ಸರಿದಿದ್ದವು, ಅವಳು ಬರೆದ ಹಾಗೆಯೇ.

ನೂರೈವತ್ತಡಿ ಮೇಲೆ ಗಾಳಿ ತಣ್ಣಗಿರುತ್ತದೆ. ಅವನ ಕಿವಿಗಳು ಕಾದ ಹಂಚಿನಂತೆ ಬಿಸಿಯಾದವು. ಕೆಳಗೆ ಕಾರು ಬೆಂಕಿಪೊಟ್ಟಣದಷ್ಟು. ಅದರ ಪಕ್ಕ ಅವಳು ಹಣೆಗೆ ಕೈ ಅಡ್ಡ ಹಿಡಿದು ಮೇಲಕ್ಕೇ ನೋಡುತ್ತಿದ್ದಳು. ಅಲ್ಲಿಂದಲೇ ಕೂಗಿ, ನೀನು ಹೇಳಿದ್ದು ಸರಿ ಎನ್ನಬಹುದಿತ್ತು. ಅವನು ಫೋನ್ ತೆಗೆದು ಕಂಟ್ರೋಲ್ ರೂಮಿಗೆ, "ಒಂದು ಜಾಯಿಂಟಲ್ಲಿ ನೀರು ಇಳಿದಿದೆ. ಒಂದು ಗಂಟೆ ಕರೆಂಟ್ ತೆಗೀರಿ, ಸರಿಮಾಡ್ತೀನಿ," ಎಂದ. ತಾನು ಸುತ್ತಿದ ಟೇಪಿನಲ್ಲಿ ನೀರು ಇಳಿಯಿತೆಂದು ಹೇಳಲು ಬಾಯಿ ತಡವರಿಸಿತು. ಆದರೂ ನೀರು ಯಾರ ಕೈಯಲ್ಲಾದರೂ ಇಳಿದೀತು. ಉತ್ತರ ಯಾವುದೆಂದು ತಿಳಿಯದವನು ಎನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎನ್ನಿಸಿತು. ಮೂರೂ ಕೇಬಲ್ ಬಿಚ್ಚಿ, ಸರಿಯಾದ ಜಾಗಕ್ಕೆ ಹಾಕಿ, ಹೊಸ ಟೇಪ್ ಸುತ್ತಿ ಇಳಿದ.

ಮಧ್ಯಾಹ್ನ ಅವಳು ಮತ್ತೆ ಸುತ್ತಿ ಬಂದಳು. ಗೆರೆ ಉದ್ದಕ್ಕೂ ಹಸಿರು.

"ಅಣ್ಣಾ, ನೀರು ಇಳಿದ್ರೆ ಸಿಗ್ನಲ್ಲು ಸೋರತ್ತೆ. ಮುಖ ಜಾಗ ಬದಲಾಯಿಸಲ್ಲ. ಈಗ ಮೂರೂ ಅದರದರ ಜಾಗಕ್ಕೆ ಬಂದಿವೆ. ಮೇಲೆ ಏನು ಮಾಡಿದ್ರಿ?"

"ನಾನು ಹತ್ತೋನು ತಾಯಿ. ನಿನ್ನ ಗೆರೆ, ಬಣ್ಣ ನನಗೆಲ್ಲಿ ತಿಳೀಬೇಕು."

"ನೀರು ಒಂದರಲ್ಲಿ ಅಂದ್ರಿ. ಗೋಪುರದ ಬುಡದಲ್ಲಿ ಮೂರರ ಹಳೇ ಟೇಪೂ ಬಿದ್ದಿದೆ."

"ಒಂದು ಬಿಚ್ಚಿದ ಮೇಲೆ ಎಲ್ಲಾ ನೋಡ್ಬಿಡೋಣ ಅಂತ."

ಅವಳು ಅವನ ಮುಖ ನೋಡಿದಳು. ಆಮೇಲೆ ಕಂಪ್ಯೂಟರ್ ಮುಚ್ಚಿ, ನಾಲ್ಕು ಫೋನನ್ನೂ ಒಂದೊಂದಾಗಿ ಕಳಚಿ ಡಬ್ಬಕ್ಕೆ ಹಾಕತೊಡಗಿದಳು. ಜಗಳಕ್ಕೆ ಬಂದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಸೂಪರ್‌ವೈಸರು ಕಾಗದದಲ್ಲಿ, ಸರ್ವೇ ತಪ್ಪು, ದೋಷ ನೀರಿನದು ಎಂದು ಬರೆದ. ಹಗ್ಗದಣ್ಣ ಕೆಳಗೆ ಸಹಿ ಹಾಕಿದ.

ಆ ಸಂಜೆ ಅಕ್ಕ ಫೋನ್ ಕಿವಿಗೆ ಹಿಡಿದುಕೊಂಡೇ ಹೊಸಿಲು ದಾಟಿದಳು. ಎಂಟು ತಿಂಗಳಲ್ಲಿ ಮೊದಲ ಸಲ. "ಇಗೋ ನಿನ್ನ ಮಾವ ಇಲ್ಲೇ ಇದ್ದಾನೆ, ಇವತ್ತು ಗೋಪುರ ಹತ್ತಿ ನೋಡ್ತೀನಿ ಅಂದಿದ್ದ, ಅವನೇ ಸರಿ ಮಾಡಿದ್ದು," ಎಂದು ಸ್ಪೀಕರ್ ಹಾಕಿದಳು.

"ಥ್ಯಾಂಕ್ಸ್ ಮಾವಾ," ಎಂದಿತು ಮಗಳ ದನಿ. "ಅಮ್ಮ ಬೇಕಂತಲೇ ಕುಕ್ತಾಳೆ ಅಂದ್ಕೊಂಡಿದ್ದೆ. ನೀವು ಹತ್ತಿ ನೋಡದೆ ಇದ್ರೆ ನಾವಿಬ್ಬರೂ ಹೀಗೇ ಮುಖ ಊದಿಸ್ಕೊಂಡು ಇರ್ತಿದ್ವಿ."

"ಹ್ಞೂಂ," ಎಂದ ಅವನು.

ಅಕ್ಕ ಪಕ್ಕದ ಮನೆಯವರಿಗೂ ಹೇಳಿ ಬಂದಳು. ಊಟಕ್ಕೆ ಕೂತವನು ಎರಡೇ ತುತ್ತು ತಿಂದ. ತಟ್ಟೆ ಪಕ್ಕಕ್ಕೆ ಸರಿಸಿ ಇದ್ದದ್ದನ್ನೆಲ್ಲ ಹೇಳಿಬಿಟ್ಟ: ಏಣಿ, ಬಳೆ, ಬಿಸಿಲು, ನೀರಿನ ಸುಳ್ಳು, ಹುಡುಗಿ. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದವಳು ಹಾಗೇ ಹಿಡಿದುಕೊಂಡು ಕೇಳಿದಳು.

"ಹಾಗಾದ್ರೆ ನನ್ನ ಕಿವಿ ಸರಿಯಾಗೇ ಇತ್ತು."

"ಸರಿಯಾಗೇ ಇತ್ತು ಅಕ್ಕಾ."

"ನೆಂಟರ ಮುಂದೆ ನೀನು ನಗಾಡ್ದಾಗ ನಾನೂ ನಕ್ಕೆ. ನಿನಗೆ ಗೊತ್ತಿರತ್ತೆ ಅಂತ ನಂಬಿ, ನನಗೇ ಏನೋ ಆಗಿದೆ ಅಂದ್ಕೊಂಡೆ." ದಾರ ಪೋಣಿಸಿ ಮುಗಿಸಿದಳು. "ಆ ಹುಡುಗಿ ಏನಾದ್ಲು?"

"ನಾಳೆಯಿಂದ ಸ್ಟೋರು."

"ನನ್ನ ಹತ್ರ ಹೇಳೋದು ಸುಲಭ ಕಣೋ. ನಾನು ನಿನ್ನನ್ನ ಬಿಟ್ಟು ಎಲ್ಲಿಗೆ ಹೋಗ್ತೀನಿ."

ಬೆಳಗ್ಗೆ ಅವನು ನೇರ ಸೂಪರ್‌ವೈಸರ ಕೋಣೆಗೆ ಹೋಗಿ ಹೇಳಿದ. ಸೂಪರ್‌ವೈಸರು ಎದ್ದು ಬಾಗಿಲು ಮುಚ್ಚಿದ. "ಮುಗೀತಲ್ಲ, ಬಿಡಿ ಅಣ್ಣಾ. ಕರೆ ಕಟ್ ಆಗ್ತಿಲ್ಲ. ಬರೆಯೋಕೆ ಹೋದ್ರೆ ನಂದೂ ಸಹಿ ಇದೆ, ದಿಕ್ಸೂಚಿ ಯಾರು ಹಿಡಿದಿದ್ರು ಅಂತ ಕೇಳ್ತಾರೆ. ಸ್ಟೋರೂ ಕೆಲಸಾನೇ ಅಲ್ವಾ."

ಆ ಮಾತು ಕೇಳಿ ಹಗ್ಗದಣ್ಣನಿಗೆ ಎದೆ ಹಗುರಾಯಿತು. ಹೇಳುವುದನ್ನು ಹೇಳಿದೆ, ಇನ್ನು ಅವರಿಷ್ಟ ಎಂದುಕೊಂಡು ಹೊರಗೆ ಬಂದ. ಬಾಗಿಲ ಹೊರಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಾಗೆ ಹಗುರಾದದ್ದಕ್ಕೇ ಅವನಿಗೆ ನಾಚಿಕೆಯಾಯಿತು. ಮಾಡಿದ ತಪ್ಪಿಗಿಂತ, ಹೇಳಿದ ಸುಳ್ಳಿಗಿಂತ ಅದೇ ಹೆಚ್ಚು ಸುಟ್ಟಿತು.

ಅಂಗಳದಲ್ಲಿ ಎಂದಿನ ಚಹಾ. ಡ್ರೈವರು, "ಏನಣ್ಣಾ, ಗಿರಗಿಟ್ಲೆ ತಿರುಗೋದು ನಿಲ್ತಂತೆ," ಎಂದ.

"ಅವಳು ಹೇಳಿದ್ದು ಸರಿ ಇತ್ತು," ಎಂದ ಹಗ್ಗದಣ್ಣ. "ಮೂರು ಕೇಬಲ್ಲೂ ನಾನೇ ತಪ್ಪು ಹಾಕಿದ್ದೆ. ನೀರು ಅಂದಿದ್ದು ಸುಳ್ಳು."

ಎಲ್ಲರೂ ಗೊಳ್ಳೆಂದು ನಕ್ಕರು. ಅವನ ಬಾಯಿಂದ ಬಂದದ್ದೆಲ್ಲ ತಮಾಷೆ ಎಂದೇ ಅವರಿಗೆ ರೂಢಿ. "ಹ್ಞಾ, ನೀವು ತಪ್ಪು ಹಾಕಿದ್ರೆ ನಾನು ಜೀಪು ಹಿಂದುಮುಂದಾಗಿ ಓಡಿಸಿದೀನಿ," ಎಂದ ಡ್ರೈವರು. ಅವನು ಇನ್ನೊಂದು ಸಲ ಹೇಳಬೇಕಾಯಿತು. ನಗು ಅರ್ಧವಾಯಿತು. ಮೂರನೆಯ ಸಲ, ಏಣಿ ಯಾವ ಕಾಲಿಗಿತ್ತು ಎಂಬುದರಿಂದ ಹಿಡಿದು ಪೂರ್ತಿ ಹೇಳಿದ. ಆಗ ಯಾರೂ ನಗಲಿಲ್ಲ; ಲೋಟದೊಳಗೆ ನೋಡುತ್ತಾ ನಿಂತರು. ಸ್ಟೋರಿನ ಬಾಗಿಲಲ್ಲಿ ಸರ್ವೇ ಹುಡುಗಿ ಕ್ಲಾಂಪಿನ ಡಬ್ಬ ಹಿಡಿದು ನಿಂತಿದ್ದಳು. ಎಷ್ಟನೆಯ ಸಲದಿಂದ ಕೇಳುತ್ತಿದ್ದಳೋ.

"ಬರೆದು ಕೊಡಿ," ಎಂದಳು.

"ನನ್ನ ಅಕ್ಷರ ನೋಡೋ ಹಾಗಿಲ್ಲ ತಾಯಿ. ನೀನೇ ಬರೆದ್ರೆ ಸಹಿ..."

"ನಾನು ಬರೆದದ್ದನ್ನ ಎರಡು ಸಲ ಯಾರೂ ನಂಬಿಲ್ಲ. ನಿಮ್ಮ ಅಕ್ಷರದಲ್ಲೇ ಬೇಕು."

ಖಾಲಿ ಕೇಬಲ್ ಡ್ರಮ್ಮಿನ ಮೇಲೆ ಕಾಗದ ಇಟ್ಟು, ಬಗ್ಗಿ ನಿಂತು ಬರೆದ. ಮುಕ್ಕಾಲು ಗಂಟೆ ಹಿಡಿಯಿತು. ಅವಳು ಓದಿದಳು. "ದಿಕ್ಸೂಚಿ ವಿಷಯ ಬಿಟ್ಟಿದ್ದೀರಿ. ನಿನ್ನೆ ನಾನು ಕೂಗ್ತೀನಿ ಅಂದಿದ್ದೂ ಇಲ್ಲ." ಅದನ್ನೂ ಬರೆದ. ಅವಳು ಗೋಪುರದ ಪೆಟ್ಟಿಗೆಯಿಂದ ತೆಗೆದ ಲೆಕ್ಕದ ಹಾಳೆಯೊಂದನ್ನು ಪಕ್ಕದಲ್ಲಿ ಇಟ್ಟಳು. ಕಡಿದ ಕರೆಗಳನ್ನು ಪೆಟ್ಟಿಗೆ ತಾನೇ ಎಣಿಸಿ ಇಟ್ಟುಕೊಳ್ಳುತ್ತದೆ. ಎಂಟು ತಿಂಗಳಿಗೆ ಮೂವತ್ಮೂರು ಸಾವಿರದ ಚಿಲ್ಲರೆ.

ಅವನಿಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಒಂದೇ ಕರೆ, ಅಕ್ಕನದು. "ಇಷ್ಟೂ ಮಾತಿನ ಮಧ್ಯದಲ್ಲೇ ಹೋದದ್ದಾ?"

"ಮಧ್ಯದಲ್ಲೇ. ಮುಗಿಸಿ ಇಟ್ಟಿದ್ದನ್ನ ಅದು ಎಣಿಸಲ್ಲ."

ಆ ಸಂಖ್ಯೆಯನ್ನೂ ಬರೆದು ಸಹಿ ಹಾಕಿದ. ಅವಳು ಕಾಗದವನ್ನು ಸೂಪರ್‌ವೈಸರ ಕೈಗೆ ಕೊಡದೆ ಅವನ ಮೇಲಿನವರಿಗೆ ಕಳಿಸಿದಳು.

ಹನ್ನೊಂದು ದಿನಕ್ಕೆ ಕಾರು ಅವಳಿಗೆ ವಾಪಸ್ ಬಂತು, ಪರೀಕ್ಷೆಯ ಗಡುವು ಮುಗಿದು ಕೆಲಸ ಕಾಯಂ ಆಯಿತು. ಸೂಪರ್‌ವೈಸರಿಗೆ ನೋಟಿಸು. ಹಗ್ಗದಣ್ಣನ ಸಹಿಯೊಂದೇ ಇನ್ನು ಸಾಲದು, ಅವನು ಹಾಕಿದ ಜಾಯಿಂಟನ್ನು ಇನ್ನೊಬ್ಬರು ಹತ್ತಿ ನೋಡಿದ ಮೇಲೇ ಟೇಪ್ ಸುತ್ತಬೇಕು ಎಂದಾಯಿತು. ಅದನ್ನು ಅವನು ಒಪ್ಪಿಕೊಂಡ. ಅವನನ್ನು ಕಾಡಿದ್ದು ಇನ್ನೊಂದು. ಅಂಗಳದಲ್ಲಿ ಅವಳನ್ನು ಈಗಲೂ ಗಿರಗಿಟ್ಲೆ ಎಂದೇ ಕರೆಯುತ್ತಿದ್ದರು. ಬಿಟ್ಟುಬಿಡ್ರೋ ಎಂದರೆ, "ನೀವೇ ಇಟ್ಟಿದ್ದಲ್ವಾ ಅಣ್ಣಾ, ಚೆನ್ನಾಗಿದೆ," ಎನ್ನುತ್ತಿದ್ದರು. ಕೇಬಲ್ಲಾದರೆ ಹತ್ತಿ ಬಿಚ್ಚಬಹುದಿತ್ತು.

ಒಂದು ಸಂಜೆ ಅವನೂ ಅಕ್ಕನೂ ಅಂಗಡಿಯಿಂದ ಜೊತೆಯಲ್ಲಿ ಹೊರಟರು. ಮಗಳ ಫೋನು ಬಂತು. ಮಾತಿನ ನಡುವೆ ಅವಳು, ಮಾವನಿಂದ ನಮ್ಮ ಮಾತು ಉಳೀತು ಎಂದು ಮತ್ತೆ ಹೇಳಿದ್ದು ಇವನಿಗೂ ಕೇಳಿಸಿತು. ಅಕ್ಕ ಇಷ್ಟು ದಿನ ಅವಳಿಗೆ ಏನೂ ಹೇಳಿರಲಿಲ್ಲ.

ಅಕ್ಕ ನಡೆಯುತ್ತಲೇ ಫೋನನ್ನು ಅವನ ಕಡೆಗೆ ಚಾಚಿದಳು. "ನೀನೇ ಹೇಳು."

"ಈಗಲಾ? ಮನೆಗೆ ಹೋಗಿ..."

"ಹೇಳು."

ಅವನು ಫೋನ್ ತೆಗೆದುಕೊಂಡ. ಟ್ಯಾಂಕಿನ ಗೋಡೆ ಎಡಕ್ಕೆ ಬಂತು. "ನೋಡಮ್ಮಾ, ನಾನು ಸರಿ ಮಾಡ್ದೆ ಅಂತೀಯಲ್ಲ," ಎಂದು ಶುರು ಮಾಡಿದ. ಕೆಡಿಸಿದವನೂ ನಾನೇ ಎಂಬಲ್ಲಿಗೆ ಬರುವಾಗ ದನಿ ಇಳಿಯಿತು. ಆ ಕಡೆ ಅಕ್ಕನ ಮಗಳು, "ಕೇಳಿಸ್ತಿಲ್ಲ ಮಾವಾ, ಜೋರಾಗಿ ಹೇಳಿ," ಎಂದಳು. ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದ. ಕಿವಿ ಡಾಕ್ಟರ ವಿಷಯವನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ತಿರುವು ಬಂತು. ಅಲ್ಲಿ, ಇಷ್ಟು ವರ್ಷದ ಕೆಲಸದಲ್ಲಿ ಮೊದಲ ಸಲ, ಈ ಕರೆಯೊಂದು ಇಲ್ಲಿಗೇ ಕಟ್ ಆಗಿಹೋಗಬಾರದೆ ಎಂದು ಅವನ ಮನಸ್ಸು ಬಯಸಿತು.

ಆಗಲಿಲ್ಲ. ತಿರುವು ದಾಟಿತು, ಮುಂದಿನ ಗೋಪುರ ಎತ್ತಿಕೊಂಡಿತು, ಅಕ್ಕನ ಮಗಳ ಉಸಿರು ಕೂಡ ಪಕ್ಕದಲ್ಲೇ ಇದ್ದ ಹಾಗೆ ಕೇಳುತ್ತಿತ್ತು. ಅವಳು ಇನ್ನೂ ಏನೂ ಹೇಳಿರಲಿಲ್ಲ. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾಯುತ್ತಾ ನಡೆದ.